ಲಾಭ, ಎರಡು, ಮೂರು

ನಮ್ಮತ್ತೆಗೆ ಲೆಕ್ಕ ಬರುವುದಿಲ್ಲವೆಂದು ನಾನು ಆರು ತಿಂಗಳು ಊರೆಲ್ಲ ಹೇಳಿಕೊಂಡು ತಿರುಗಿದೆ. ನಿಜಕ್ಕೂ ಯಾರಿಗೆ ಬರುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಅದನ್ನು ಈಗಲೇ ಹೇಳಿದರೆ ನನ್ನ ಬಿ.ಕಾಂ. ಪದವಿಯ ಮರ್ಯಾದೆ ಏನಾಗಬೇಕು?

ಗೋವಾದ ಝುವಾರಿನಗರಕ್ಕೆ ಬಂದು ಮೂವತ್ತು ವರ್ಷವಾದರೂ ಅತ್ತೆಯ ಶೇಂಗಾ ಚಟ್ನಿ ಇನ್ನೂ ಧಾರವಾಡ ಬಿಟ್ಟಿಲ್ಲ. ಅದನ್ನು ಆನ್‌ಲೈನಿನಲ್ಲಿ ಮಾರೋಣವೆಂದು ಅವರ ಹೆಸರಲ್ಲಿ ಅಂಗಡಿ ತೆರೆದುಕೊಟ್ಟವಳು ನಾನೇ. ಕುಟ್ಟುವುದು ಅವರದು, ಲೆಕ್ಕ ನನ್ನದು. ಮೊದಲ ದಿನವೇ ಜಗಳ.

“ಅತ್ತಿ, ಮಾರೋ ಕಂಪನಿಗೆ ಕಮಿಷನ್ ಹಿಡೀಬೇಕ್ರಿ.”

“ಯಾಕವಾ? ಖಾರ ಕುಟ್ಟೂ ಮುಂದ ಅವರು ಬಂದಿದ್ರೇನು?”

ತೂಗಿ ಮುಗಿದ ಪೊಟ್ಟಣಕ್ಕೆ ಮೇಲೊಂದು ಚಮಚ ಕೊಸರು ಹಾಕದಿದ್ದರೆ ಅವರಿಗೆ ಸಮಾಧಾನವಿಲ್ಲ. ನಾನೇನು ಕಡಿಮೆಯೇ? ಆ ಚಮಚವನ್ನೂ ಖರ್ಚಿಗೆ ಬರೆದೆ.

ಪಣಜಿಯ ಗಿರಾಕಿಯೊಬ್ಬರು ಖಾರ ಹೆಚ್ಚಾಯಿತೆಂದು ಹಣ ವಾಪಸ್ ಕೇಳಿದರು. ಅತ್ತೆ ಫೋನ್ ಹಚ್ಚಿ, ಚಟ್ನಿಗೆ ಮೊಸರು ಕಲಸುವುದನ್ನು ಅರ್ಧ ಗಂಟೆ ಕೊಂಕಣಿಯಲ್ಲಿ ಹೇಳಿಕೊಟ್ಟರು. ಅವರ ಕೊಂಕಣಿಯಲ್ಲಿ ಮುಕ್ಕಾಲು ಪಾಲು ಕನ್ನಡ! ಗಿರಾಕಿಗೆ ಎಷ್ಟು ತಿಳಿಯಿತೋ, ಮರುದಿನ ಇನ್ನೆರಡು ಪೊಟ್ಟಣ ತರಿಸಿದರು.

ನನ್ನ ಲೆಕ್ಕದ ಪ್ರಕಾರ ಪೊಟ್ಟಣಕ್ಕೆ ಎಂಟು ರೂಪಾಯಿ ಲಾಭ. ದುಡ್ಡಿನ ಡಬ್ಬಿ ತೆರೆದರೆ ಮತ್ತೆ ಶೇಂಗಾ ತರಲೂ ಸಾಲದು. ಕೊನೆಗೆ ನನ್ನ ಗಂಡ ಹೇಳಿಯೇಬಿಟ್ಟರು: “ಯವ್ವಾ, ಈ ತಿಂಗಳೂ ಹಿಂಗ ಆದ್ರ ಅಂಗಡಿ ಬಂದ್ ಮಾಡೂಣು. ಸುಮ್ನ ರಟ್ಟಿ ಯಾಕ ನೋಯಿಸ್ಕೋತಿ?”

ಅತ್ತೆ ಮೊಬೈಲಿನಲ್ಲಿ ಅಂಗಡಿಯ ಪುಟ ತೆರೆದು ನೋಡುತ್ತ ಕೂತರು. ಜನ್ಮದಲ್ಲಿ ಮೊದಲ ಸಲ ತಮ್ಮ ಹೆಸರು ಒಂದು ಅಂಗಡಿಯ ಮೇಲೆ ಬಂದಿತ್ತು. ಅದನ್ನು ಅಕ್ಕಪಕ್ಕದವರಿಗೆಲ್ಲ ಮೊಬೈಲಿನಲ್ಲಿ ತೋರಿಸಿ ಬಂದಿದ್ದರು. ದುಡ್ಡು ಎಲ್ಲಿ ಸೋರುತ್ತಿದೆಯೆಂದು ನೋಡಲು ಬರುವ ಭಾನುವಾರ ಅಡುಗೆಮನೆಯಲ್ಲೇ ಕೂರುವುದೆಂದು ನಿಶ್ಚಯಿಸಿದೆ.

ಶೇಂಗಾವನ್ನು ಕಿಲೋಗಟ್ಟಲೆ ತಂದರೂ ಅತ್ತೆ ಅಳೆಯುವುದು ತವರಿನ ಸೇರಿನಲ್ಲೇ. ಅಡುಗೆಮನೆಯಿಂದ ಅವರು ಕೂಗುವರು, ಹೊರಗೆ ಕೂತು ನಾನು ಬರೆಯುವೆ: “ಲಾಭ, ಎರಡು, ಮೂರು, ನಾಲ್ಕು, ಐದು.” ಮೊದಲ ಸೇರನ್ನು ಲಾಭವೆಂದು ಮನೆಗೆ ಎತ್ತಿಟ್ಟರು ಎಂದುಕೊಂಡು ಅದನ್ನು ಲಾಭದ ಕಾಲಮ್ಮಿಗೂ ಉಳಿದ ನಾಲ್ಕನ್ನು ಖರ್ಚಿಗೂ ಹಾಕುತ್ತಿದ್ದೆ. ಆ ಭಾನುವಾರ ಪಕ್ಕದಲ್ಲೇ ಕೂತು ನೋಡಿದೆ. ಐದೂ ಸೇರು ಒಂದೇ ಬಾಣಲೆಗೆ ಬಿತ್ತು.

“ಅತ್ತಿ, ಲಾಭದ ಸೇರು ಬ್ಯಾರೆ ತಗದಿಡೂದಿಲ್ಲೇನ್ರಿ?”

“ಲಾಭ ಅಂದ್ರ ಒಂದವಾ. ಕಾಳ ಅಳಿಯೂ ಮುಂದ ಯಾರರ ಒಂದು ಅಂತಾರೇನು?”

ಮಡಗಾಂವದಲ್ಲಿ ಹುಟ್ಟಿ, ಕಾಳನ್ನು ಪ್ಯಾಕೆಟ್ಟಿನಲ್ಲಷ್ಟೇ ಕಂಡವಳಿಗೆ ಇದನ್ನು ಯಾವ ಕಾಲೇಜು ಹೇಳಿಕೊಡಬೇಕು? ಚಮಚ ಹಿಡಿದು ಸೇರು ಬಿಟ್ಟಿದ್ದೆ. ಸರಿಯಾಗಿ ಲೆಕ್ಕ ಹಾಕಿದರೆ ಪೊಟ್ಟಣಕ್ಕೆ ನಾಲ್ಕು ರೂಪಾಯಿ ನಷ್ಟ!

ಬೆಲೆಯನ್ನು ಇಪ್ಪತ್ತು ರೂಪಾಯಿ ಏರಿಸಿದೆವು. ಗಿರಾಕಿಗಳು ಬಿಡಲಿಲ್ಲ, ಪಣಜಿಯವರಂತೂ ಬಿಡಲೇ ಇಲ್ಲ. ತಿಂಗಳ ಕೊನೆಗೆ ಶೇಂಗಾ ತಂದ ಮೇಲೂ ಡಬ್ಬಿಯಲ್ಲಿ ದುಡ್ಡು ಉಳಿಯಿತು. ಬಂದ್ ಮಾಡುವ ಮಾತನ್ನು ನನ್ನ ಗಂಡ ಮತ್ತೆ ಎತ್ತಲಿಲ್ಲ.

ಡಬ್ಬಿಯ ದುಡ್ಡು ಎಣಿಸಿದ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡ, ಮಾವ ಎಲ್ಲರೆದುರು ಒಪ್ಪಿಕೊಂಡೆ. “ತಪ್ಪು ನಂದರಿ ಅತ್ತಿ. ನನ್ನಿಂದ ನಿಮ್ಮ ಅಂಗಡಿ ಮುಚ್ಚೂದಿತ್ತು.”

ಅತ್ತೆ ತಾಟುಗಳನ್ನು ಇಡತೊಡಗಿದರು. ನನ್ನ ಮುಂದೆ ಇಟ್ಟು “ಲಾಭ” ಅಂದರು. ಮಗನ ಮುಂದೆ “ಎರಡು”, ಮಾವನ ಮುಂದೆ “ಮೂರು”, ತಮ್ಮದು “ನಾಲ್ಕು”.

“ಎಣಿಕಿ ನನ್ನಿಂದ ಯಾಕ ಶುರು ಮಾಡಿದ್ರಿ?” ಎಂದೆ.

“ನೀ ಈ ಮನಿಗೆ ಬಂದ ದಿನದಿಂದ ಹಿಂಗ ಎಣಸಾಕತ್ತೇನಿ. ಇವತ್ತ ಕೇಳಿಸ್ತೇನು?”

ಅವತ್ತು ಎಷ್ಟು ರೊಟ್ಟಿ ತಿಂದೆನೋ, ಲೆಕ್ಕ ಇಟ್ಟಿಲ್ಲ.