ಗುಂಯ್ ಎನ್ನಲೊಲ್ಲದ ಫ್ಯೂಯಲ್ ಪಂಪಿಗೆ ಒಂದು ಬಹಿರಂಗ ಪತ್ರ

ನಮ್ಮ ಹಳೆಯ ಕಾರಿನ ಹಿಂದಿನ ಸೀಟಿನಡಿ, ಟ್ಯಾಂಕಿನ ಪೆಟ್ರೋಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮುಳುಗಿಕೊಂಡೇ ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಸೇವೆ ಸಲ್ಲಿಸುತ್ತಿರುವ ಮಾನ್ಯ ಫ್ಯೂಯಲ್ ಪಂಪ್ ಅವರೇ,

ಮದುವೆಯಾಗಿ ಇಂದಿಗೆ ಸರಿಯಾಗಿ ನಲವತ್ತೊಂದು ದಿನವಾದ (ಹೌದು, ಎಣಿಸುತ್ತಿದ್ದೇನೆ!) ಸೊಸೆಯೊಬ್ಬಳ ಅನಂತ ನಮಸ್ಕಾರಗಳು.

ಅಪ್ಪ ನನಗೆ ಡ್ರೈವಿಂಗ್ ಕಲಿಸಿದ್ದು ಈ ಕಾರಿನಲ್ಲೇ. ಮದುವೆಯ ಮರುದಿನ ಕೀಲಿಯನ್ನು ನನ್ನ ಕೈಗಿಟ್ಟು, ಕಣ್ಣಿಗೆ ಧೂಳು ಬಿತ್ತೆಂದು ಅತ್ತ ತಿರುಗಿಕೊಂಡಿದ್ದೂ ಇದರ ಪಕ್ಕದಲ್ಲೇ. ಕೀಲಿ ತಿರುಗಿಸಿದೊಡನೆ ತಾವು ಎರಡು ಸೆಕೆಂಡು ಗುಂಯ್ ಎಂದರೆ ನನಗೆ ತವರಿನಿಂದ ಫೋನ್ ಬಂದಷ್ಟು ಖುಷಿ. ಅಂಥ ತಾವು ಕಳೆದ ಸೋಮವಾರ ಏಕಾಏಕಿ ಮೌನವ್ರತ ಹಿಡಿದಿರಿ. ಇಂಜಿನ್ ಗರಗರ ತಿರುಗಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಗೇಟಿಗೆ ಅಡ್ಡವಾಗಿ ನಿಂತ ಕಾರನ್ನು ನೋಡಿ ಮಾವನವರು, "ಶನಿವಾರದೊಳಗೆ ಅಲ್ಲಾಡದಿದ್ರೆ ಗುಜರಿಯವನನ್ನ ಕರೀತೀನಮ್ಮ, ಬೇಜಾರು ಮಾಡ್ಕೋಬೇಡ" ಎಂದುಬಿಟ್ಟರು.

ನನ್ನವರು (ಎಷ್ಟು ಒಳ್ಳೆಯವರು ಗೊತ್ತೇ!) ಮೂರು ದಿನ ತಮ್ಮ ಸೇವೆ ಮಾಡಿದರು. ಫ್ಯೂಸ್ ನೋಡಿದರು, ಸರಿಯಿತ್ತು. ತಮಗೆ ಕರೆಂಟು ಬಿಡುವ ಪುಟ್ಟ ಸ್ವಿಚ್ಚಾದ ರಿಲೇಯನ್ನು ಕಿತ್ತು ಹಾರ್ನಿನ ರಿಲೇ ಇದ್ದ ಜಾಗಕ್ಕೆ ಹಾಕಿದರು. ಹಾರ್ನ್ ಬೀದಿಯನ್ನೆಲ್ಲ ಎಬ್ಬಿಸಿ, ರಿಲೇಯಲ್ಲಿ ಯಾವ ದೋಷವೂ ಇಲ್ಲವೆಂದು ಸಾರಿತು. ಗುರುವಾರ ಬಂದ ಮೆಕ್ಯಾನಿಕ್, ವೋಲ್ಟ್ ಅಳೆಯುವ ಮೀಟರಿನ ಕೆಂಪು ತಂತಿಯನ್ನು ತಮ್ಮ ಕನೆಕ್ಟರಿಗೂ ಕಪ್ಪು ತಂತಿಯನ್ನು ಕಾರಿನ ಲೋಹದ ಬಾಡಿಗೂ ಮುಟ್ಟಿಸಿ, "ಹನ್ನೆರಡು ವೋಲ್ಟ್ ಬರ್ತಿದೆ ಅಕ್ಕಾ, ಪಂಪೇ ಸತ್ತಿದೆ, ಬಿಟ್ಬಿಡಿ" ಎಂದು ತಮ್ಮ ಮರಣವನ್ನು ಘೋಷಿಸಿ ಹೋದರು.

ನನಗೆ ನಂಬಿಕೆ ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಅದೇ ಮೀಟರನ್ನು ಮೆಕ್ಯಾನಿಕ್ಕಿನಿಂದ ಕೇಳಿ ತಂದು, ಕೆಂಪು ತಂತಿಯನ್ನು ಅಲ್ಲೇ ಇಟ್ಟು, ಕಪ್ಪು ತಂತಿಯನ್ನು ಬಾಡಿಯ ಬದಲು ತಮ್ಮದೇ ಇನ್ನೊಂದು ವೈರಿಗೆ ಮುಟ್ಟಿಸಿದೆ: ಸೊನ್ನೆ! ಅಂದರೆ ಕರೆಂಟು ತಮ್ಮ ಮನೆಬಾಗಿಲವರೆಗೆ ಬರುತ್ತಿದೆ, ಹಿಂತಿರುಗಲು ದಾರಿಯಿಲ್ಲ. ಆ ವೈರನ್ನು ಹಿಂಬಾಲಿಸುತ್ತಾ ಡಿಕ್ಕಿಯ ಕಾರ್ಪೆಟ್ ಎತ್ತಿದರೆ, ಲೋಹದ ಬಾಡಿಗೆ ಬಿಗಿದಿರಬೇಕಾದ ಅದರ ತುದಿ ಅನಾಥವಾಗಿ ಬಿದ್ದಿತ್ತು. ಅದರ ಸ್ಕ್ರೂ ಒಂದು ಗೇಣು ಆಚೆ, ನನ್ನ ಇಷ್ಟದ ಹಾಡುಗಳಿಗೆಂದು ನನ್ನವರು ಭಾನುವಾರ ಗುಟ್ಟಾಗಿ ಕೂರಿಸಿದ್ದ ಸ್ಪೀಕರನ್ನು ಹಿಡಿದುಕೊಂಡಿತ್ತು. "ಒಂದು ಸ್ಕ್ರೂ ಕಮ್ಮಿ ಬಿತ್ತು ಕಣೇ... ಅದು ಅಲ್ಲಿ ಸುಮ್ನೆ ಇತ್ತು" ಎಂದ ಅವರ ಕಿವಿಗಳು ಟೊಮೆಟೊ ಆಗಿದ್ದವು. ಸ್ಕ್ರೂ ಮರಳಿ ಬಿಗಿದೆ, ಕೀಲಿ ತಿರುಗಿಸಿದೆ. ಗುಂಯ್! ನಾನು ಅತ್ತುಬಿಟ್ಟೆ, ಧೂಳಿನ ನೆಪವನ್ನೂ ಹೇಳಲಿಲ್ಲ.

ಆದ್ದರಿಂದ ದೂರನ್ನು ಹಿಂಪಡೆಯುತ್ತಾ ಸವಿನಯವಾಗಿ ವಿನಂತಿಸುವುದೇನೆಂದರೆ, ಮುಂದೆ ಮೌನ ವಹಿಸುವ ಮೊದಲು ತಾವು ಒಂದು ವಾರದ ಲಿಖಿತ ನೋಟಿಸ್ ಕೊಡಬೇಕು, ಅಪರಾಧಿ ಮನೆಯವರೇ ಆಗಿದ್ದರೆ ನನ್ನ ಕಿವಿಯಲ್ಲಿ ಮಾತ್ರ ಗುಂಯ್ ಎನ್ನಬೇಕು, ಮತ್ತು ಇನ್ನೂ ಇಪ್ಪತ್ತೆರಡು ವರ್ಷ ಮುಳುಗಿಯೇ ಇರಬೇಕು.

ತಾವು ಸತ್ತಿರೆಂದು ಎಂದೂ ನಂಬದ,
ತಮ್ಮ ವಿಶ್ವಾಸಿ,
ಈ ಮನೆಯ ಹೊಸ ಸೊಸೆ

ತಾ.ಕ.: ತಮಗೆ ವಯಸ್ಸಾಗಿದ್ದೇ ಇದಕ್ಕೆಲ್ಲ ಕಾರಣವೆಂದು ಮಾವನವರು ಇನ್ನೂ ನಂಬಿದ್ದಾರೆ, ಆ ಅಪವಾದವನ್ನು ತಾವೇ ಹೊತ್ತುಕೊಳ್ಳಬೇಕೆಂದು ನನ್ನವರು ಕೈಮುಗಿದು ಕೇಳಿದ್ದಾರೆ, ನಾನೂ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಬಾಯಿ ಬಿಟ್ಟೂ ಇಲ್ಲ. ಬಹಿರಂಗ ಪತ್ರವೆಂದ ಮೇಲೆ ಬಹಿರಂಗವಾಗಿರಬೇಕಲ್ಲವೇ ಎಂದು ಇದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ, ಅಷ್ಟೆ.