ಬುದ್ಧನ ಜಾಗದ ಚಕ್ಕುಬಂದಿ

ನಮ್ಮ ಭಾವನವರು ನಾಳೆ ಸ್ವರ್ಗಕ್ಕೇ ಹೋದರೂ ಒಳಗೆ ಕಾಲಿಡುವವರಲ್ಲ. ಬಾಗಿಲಲ್ಲೇ ನಿಂತು, "ಜಾಗ ಇಂದ್ರನ ಅನುಭವದಲ್ಲಿದೆ, ಸರಿ, ಮೂಲಪತ್ರ ಎಲ್ಲಿದೆ?" ಎಂದು ಕೇಳುತ್ತಾರೆ. ಇದು ಅಪಪ್ರಚಾರವಲ್ಲ! ದಾವಣಗೆರೆಯಲ್ಲಿ ಜಮೀನಿನ ವ್ಯಾಜ್ಯಗಳನ್ನೇ ನಡೆಸಿ ಕರಿಕೋಟು ಸವೆಸಿದ ವಕೀಲರು ಅವರು. ಅಕ್ಕನಿಗೆ ಉಪ್ಸಾಲಾದಲ್ಲಿ ಔಷಧ ಸಂಶೋಧನೆಯ ಕೆಲಸ ಸಿಕ್ಕಿದ್ದೇ ತಡ, ಕೋಟಿನ ಸಮೇತ ಸ್ವೀಡನ್ನಿಗೆ ಬಂದಿಳಿದರು. ಕೋಟು ಇಲ್ಲಿನ ಚಳಿಗೆ ಸಾಲಲಿಲ್ಲ. ಕಾನೂನು ಯಾವುದಕ್ಕೂ ಸಾಲಲಿಲ್ಲ.

ಅಭ್ಯಾಸ ಬಿಡಬೇಕಲ್ಲ? ಬಂದ ವಾರವೇ ಬಾಡಿಗೆ ಫ್ಲಾಟಿಗೆ ಚಕ್ಕುಬಂದಿ, ಅಂದರೆ ಕ್ರಯಪತ್ರದಲ್ಲಿ ಬರೆಸುವ ನಾಲ್ಕು ದಿಕ್ಕಿನ ಎಲ್ಲೆ, ಹಾಕಿದರು. "ಪೂರ್ವಕ್ಕೆ ತುತ್ತೂರಿ ಊದೋ ವಿದ್ಯಾರ್ಥಿ, ಪಶ್ಚಿಮಕ್ಕೆ ಮೆಟ್ಟಿಲು, ಉತ್ತರಕ್ಕೆ ಸೈಕಲ್ ಸ್ಟ್ಯಾಂಡು, ದಕ್ಷಿಣಕ್ಕೆ ಹಿಮ." ಪಕ್ಕದ ಮನೆಯವರ ಹೆಸರು ತಿಳಿಯದೆ ಜೀವಮಾನವಿಡೀ ನೆಮ್ಮದಿಯಾಗಿ ಬಾಳುವ ದೇಶವಿದು. ಇವರೋ ಒಂದೊಂದೇ ಬಾಗಿಲು ತಟ್ಟಿ ವಿಚಾರಿಸಿಕೊಂಡು ಬಂದಿದ್ದರು!

ಅಕ್ಕನ ಮೇಲಧಿಕಾರಿ ಒಮ್ಮೆ ಫೀಕಾಕ್ಕೆ, ಅಂದರೆ ಕಾಫಿಗೂ ದಾಲ್ಚಿನ್ನಿ ಬನ್ನಿಗೂ, ಮನೆಗೆ ಕರೆದರು. ಭಾವ ಬನ್ನು ಮುರಿಯುವ ಮೊದಲೇ, "ಮನೆ ಪಿತ್ರಾರ್ಜಿತವೋ, ಸ್ವಯಾರ್ಜಿತವೋ?" ಎಂದುಬಿಟ್ಟರು. ಆ ಮಹಾಶಯರ ಲೋಟ ತುಟಿಯ ಹತ್ತಿರವೇ ನಿಂತಿತು. ಅಕ್ಕ ಮುಖದ ನಗು ಕೆಡಿಸದೆ ಕನ್ನಡದಲ್ಲಿ ಗದರಿದಳು: "ರೀ, ಬಾಯಿಗೆ ಆ ಬನ್ ತುರುಕ್ಕೊಳ್ರೀ."

ಬೇಸಿಗೆಯಲ್ಲಿ ಬ್ಲೂಬೆರಿ ಕೀಳಲು ಕಾಡಿಗೆ ಹೊರಟೆವು. ಇಲ್ಲಿ ಯಾರ ಕಾಡಿಗಾದರೂ ಯಾರಾದರೂ ಹೋಗಿ ಹಣ್ಣು ಕೀಳಬಹುದು, ಅದು ಎಲ್ಲರ ಹಕ್ಕು ಎಂದು, ಅವರಿಗಿಂತ ಮೊದಲೇ ಇಲ್ಲಿಗೆ ಬಂದು ನೆಲೆಸಿದ್ದ ನಾನು ವಿವರಿಸಿದೆ. ಭಾವ ಬುಟ್ಟಿ ಕೆಳಗಿಟ್ಟರು. "ಕೇಳೋರೇ ಇಲ್ವಾ? ಅತಿಕ್ರಮ ಪ್ರವೇಶ ಅಂತ ಒಂದು ಕೇಸೂ ಬೀಳಲ್ವಾ?"

"ಇಲ್ಲ ಭಾವ."

"ಹಾಗಾದ್ರೆ ಇಲ್ಲಿನ ವಕೀಲರು ಹೊಟ್ಟೆಗೆ ಏನು ತಿಂತಾರೋ ಬಾಮೈದ?"

"ಬ್ಲೂಬೆರಿ," ಎಂದಳು ಅಕ್ಕ.

ಇಂಥ ಮನುಷ್ಯನಿಗೆ ಸ್ವೀಡನ್ನಿನಲ್ಲೂ ಒಬ್ಬ ಕಕ್ಷಿದಾರಳು ಸಿಕ್ಕಿದಳೆಂದರೆ ನಂಬುತ್ತೀರಾ? ಕೆಳಗಿನ ಮನೆಯ ಅಜ್ಜಿ. ಸ್ವೀಡಿಷ್ ಗಂಡನನ್ನು ಕಟ್ಟಿಕೊಂಡು ಇಲ್ಲಿಗೆ ಬಂದ ಆಕೆ ಹುಟ್ಟಿದ್ದು ಕೆನಡಾದ ಕರಾವಳಿಯಲ್ಲಿ, ಜಪಾನಿ ಮನೆತನದಲ್ಲಿ. ತಂದೆ ಅಲ್ಲಿನ ಪುಟ್ಟ ಬೌದ್ಧ ದೇಗುಲದ ಅರ್ಚಕರು. ಜಪಾನಿನೊಡನೆ ಯುದ್ಧ ಶುರುವಾದಾಗ ಸರ್ಕಾರ ಜಪಾನಿ ಮೂಲದವರನ್ನೆಲ್ಲ ಊರು ಬಿಡಿಸಿ ಶಿಬಿರಗಳಿಗೆ ಸಾಗಿಸಿತು. ಯುದ್ಧ ಮುಗಿದಾಗ ದೇಗುಲ ಬೇರೆ ಯಾರದೋ ಆಗಿತ್ತು. ಹೊರಡುವ ಮುನ್ನ ಅರ್ಚಕರೇ ಗುಟ್ಟಾಗಿ ಮಾರಿಕೊಂಡರು ಎಂದು ಭಕ್ತರು ಆಡಿಕೊಂಡರು. "ನಾನು ಮಾರಲಿಲ್ಲ" ಎನ್ನುತ್ತಲೇ ಅವರು ತೀರಿಕೊಂಡರು. ಹೆಂಡತಿಯೂ ಪೂರ್ತಿ ನಂಬಿರಲಿಲ್ಲ.

"ನನಗೆ ಜಾಗ ಬೇಡ," ಎಂದರು ಅಜ್ಜಿ, ಭಾವನ ಕೋರ್ಟು ಇಂಗ್ಲಿಷಿಗೆ ಉತ್ತರವಾಗಿ ತಮ್ಮ ಮೆಲ್ಲನೆಯ ಇಂಗ್ಲಿಷಿನಲ್ಲಿ. "ಅಪ್ಪ ಮಾರಿದರೋ ಇಲ್ಲವೋ, ಅಷ್ಟು ಗೊತ್ತಾಗಬೇಕು. ನನಗೂ ವಯಸ್ಸಾಯಿತು."

ದೇಗುಲದ ಹೆಸರಿನಲ್ಲಿ, ಅರ್ಚಕರ ಹೆಸರಿನಲ್ಲಿ ಬಂಧುಗಳೆಲ್ಲ ಹುಡುಕಿ ಸೋತಿದ್ದರು. ಭಾವನ ಕಣ್ಣು ಮಾತ್ರ ದೀಪಾವಳಿಯಾಯಿತು. "ಅಮ್ಮಾ, ದೇಗುಲವನ್ನು ಬಿಡಿ. ಪಕ್ಕದಲ್ಲಿ ಯಾರಿದ್ದರು?"

ಅಜ್ಜಿ ಮೇಜಿನ ಮೇಲೆ ಬೆರಳಿನಿಂದ ಆ ಬೀದಿಯನ್ನು ಎಳೆದರು. "ದೋಣಿ ಕಟ್ಟುವವನೊಬ್ಬ. ಬಿಳಿಯ. ನನಗೆ ಮರದ ಸಿಪ್ಪೆ ಕೊಡುತ್ತಿದ್ದ, ಆಡಲು."

ಭಾವನಿಗೆ ಅಷ್ಟೇ ಸಾಕಾಯಿತು! ಭಾವನವರು ಕೆನಡಾದ ನೋಂದಣಿ ಕಚೇರಿಗೆ ಬರೆದರು, ಮತ್ತೆ ಬರೆದರು, ಫೋನು ಮಾಡಿ "ಯುವರ್ ಆನರ್" ಎಂದು ಗುಮಾಸ್ತೆಯನ್ನು ಗಾಬರಿಪಡಿಸಿದರು. ಅಕ್ಕ ಹಣೆ ಚಚ್ಚಿಕೊಂಡಳು: "ಅಲ್ರೀ, ದೇವಸ್ಥಾನ ಹುಡುಕಿ ಅಂದ್ರೆ ದೋಣಿಯವನ ಹಿಂದೆ ಬಿದ್ದಿದ್ದೀರಲ್ಲ!"

"ಅವನೂ ಜಾಗ ಮಾರಿರ್ತಾನೆ ಕಣೇ. ಮಾರುವಾಗ ಪಕ್ಕದಲ್ಲಿ ಯಾರಿದ್ದಾರೆ ಅಂತ ಬರೆಸಲೇಬೇಕಲ್ಲ?"

ಬರೆಸಿದ್ದ. ಜಪಾನಿಗಳನ್ನೆಲ್ಲ ಸಾಗಿಸಿದ ಮೇಲೆ ದೋಣಿಯವನು ಮಾಡಿಕೊಟ್ಟ ಕ್ರಯಪತ್ರದಲ್ಲಿ, ಪೂರ್ವದ ಎಲ್ಲೆ: ಬೌದ್ಧ ದೇಗುಲದ ಜಾಗ, ಈಗ ಸರ್ಕಾರದ ವಶದಲ್ಲಿ. ಅಲ್ಲಿ ನಮೂದಾಗಿದ್ದ ದೇಗುಲದ ಜಾಗದ ನಂಬರು ಹಿಡಿದು ಮುಂದಕ್ಕೆ ಹೋದರೆ, ಯಾರೋ ಮೀನಿನ ವ್ಯಾಪಾರಿಗೆ ಮಾರಿದವರು ಸರ್ಕಾರದವರೇ. ಅರ್ಚಕರ ಸಹಿ ಎಲ್ಲೂ ಇಲ್ಲ.

ಭಾವ ಕರಿಕೋಟು ತೊಟ್ಟು ಕೆಳಗಿಳಿದರು, ನಾನು ಹಿಂದೆ. ನ್ಯಾಯಾಧೀಶರ ಮುಂದೆ ನಿಂತಂತೆ ನಿಂತು ಎಲ್ಲವನ್ನೂ ಓದಿದರು. ಅಜ್ಜಿ ಉಸಿರನ್ನು ಉದ್ದಕ್ಕೆ ಬಿಟ್ಟರು. ಎಷ್ಟೋ ಕಾಲದಿಂದ ಹಿಡಿದಿಟ್ಟ ಉಸಿರು ಅದು.

"ಇನ್ನೊಮ್ಮೆ ಓದುತ್ತೀರಾ?"

ಓದಿದರು. ಪ್ರತಿವಾದಿಗಳು ಆಕ್ಷೇಪವೆತ್ತದ ಮೊಕದ್ದಮೆಯನ್ನು ಭಾವ ನಡೆಸಿದ್ದು ಇದೇ ಮೊದಲಿರಬೇಕು. ಕೊನೆಯ ಸಾಲನ್ನು ಯಾರೂ ಕೇಳದಿದ್ದರೂ ಎರಡು ಸಲ ಓದಿದರು.

ಅಜ್ಜಿ ಎದ್ದು, ಕಪಾಟಿನ ತಳದಲ್ಲಿ ಬಟ್ಟೆ ಸುತ್ತಿಟ್ಟಿದ್ದ ತಂದೆಯ ಫೋಟೋ ತಂದರು. ಎಲ್ಲಿ ಹಾಕುವುದೆಂದು ಗೋಡೆಗಳನ್ನೆಲ್ಲ ನೋಡಿದರು. ಬಾಡಿಗೆ ಮನೆ, ಎಲ್ಲೂ ಒಂದು ಮೊಳೆಯಿಲ್ಲ. ಭಾವ ಮೇಲಕ್ಕೋಡಿ ಅಕ್ಕನ ಕುಟ್ಟಾಣಿಯನ್ನೂ ಒಂದು ಮೊಳೆಯನ್ನೂ ತಂದು, ಯಾರನ್ನೂ ಕೇಳದೆ, ಗೋಡೆಗೆ ನಾಲ್ಕು ಏಟು ಹಾಕಿದರು.

ಫೋಟೋ ಕೊಂಚ ವಾಲಿತು. ನೆಟ್ಟಗೆ ಮಾಡಲೆಂದು ಚೌಕಟ್ಟಿಗೆ ಇಟ್ಟ ಕೈಯನ್ನು ಅಜ್ಜಿ ತೆಗೆಯಲಿಲ್ಲ. ಭಾವ ನನ್ನ ತೋಳು ಹಿಡಿದು ಹೊರಕ್ಕೆ ಕರೆತಂದು, ಸದ್ದಾಗದಂತೆ ಬಾಗಿಲು ಮುಂದಕ್ಕೆ ಮಾಡಿದರು.