ಅಂಗಡಿಯಲ್ಲಿ ಸಿಗದ ಚಾಕು

ಬಿಳಿಗಾರದ ಡಬ್ಬ ಖಾಲಿಯಾಗಿತ್ತು. ಗುಮಾಸ್ತ ಅದನ್ನು ಬೋರಲು ಹಾಕಿ ತಟ್ಟಿದ, ಒಳಗೆ ಒಂದು ಕಣ್ಣಿಟ್ಟು ನೋಡಿದ. ತಿಂಗಳ ಕೊನೆಯ ಜೇಬಿನಷ್ಟು ಚೊಕ್ಕಟವಾಗಿತ್ತು.

ಬೇರೆ ದಿನವಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಆ ರಜಾದಿನ ಬೆಳಿಗ್ಗೆಯೇ ಹೆಂಡತಿ ಕಾಫಿ ಲೋಟ ಕುಕ್ಕಿ ತೀರ್ಪು ಕೊಟ್ಟಿದ್ದಳು.

"ನೋಡಿ, ವರ್ಷದಿಂದ ಠಣ್ ಠಣ್ ಕೇಳಿ ನನ್ನ ಕಿವಿ ತೂತಾಗಿದೆ. ಸಾಯಂಕಾಲದೊಳಗೆ ಒಂದೇ ಒಂದು ಚಾಕು ತೋರಿಸಿ. ಅಂಗಡೀಲಿ ಸಿಗೋ ಥರದ್ದಲ್ಲ. ಮೈಮೇಲೆ ಅಲೆ ಅಲೆ ಇರುತ್ತೆ ಅಂತ ಬಾಯ್ತುಂಬ ಹೇಳ್ತಿರ್ತೀರಲ್ಲ, ಅದು. ಇಲ್ಲಾಂದ್ರೆ ಶೆಡ್ಡು ಅಮ್ಮನ ಹೊಲಿಗೆ ಮಷೀನಿಗೆ."

ಹಿತ್ತಲಿನ ಆ ತಗಡಿನ ಶೆಡ್ಡು ಗುಮಾಸ್ತನ ಪ್ರಾಣ. ಕಚೇರಿಯಲ್ಲಿ ಅವನ ಮಾತನ್ನು ಜವಾನನೂ ಕೇಳುತ್ತಿರಲಿಲ್ಲ. ಉಕ್ಕು ಮಾತ್ರ ಒಂದಲ್ಲ ಒಂದು ದಿನ ಕೇಳೀತು ಎಂದು ನಂಬಿ ಬಡಿಯುತ್ತ ಬಂದಿದ್ದ. ಹಳೇ ಗರಗಸದ ಪಟ್ಟಿ, ಲಾರಿ ಸ್ಪ್ರಿಂಗಿನ ಪಟ್ಟಿ, ಹೀಗೆ ಎರಡು ಜಾತಿಯ ಉಕ್ಕನ್ನು ಒಂದರ ಮೇಲೊಂದು ಪೇರಿಸಿ, ಕಾಯಿಸಿ, ಬಡಿದು, ಮಡಚಿ, ಮತ್ತೆ ಬಡಿದು ಒಂದು ಮಾಡಬೇಕು. ನಡುವೆ ಬಿಳಿಗಾರ, ಅಂದರೆ ಬೋರಾಕ್ಸ್ ಪುಡಿ, ಉದುರಿಸದಿದ್ದರೆ ಪಟ್ಟಿಗಳು ಪಾಲಾದ ಅಣ್ಣತಮ್ಮಂದಿರ ಹಾಗೆ ಮುಖ ತಿರುಗಿಸಿಕೊಳ್ಳುತ್ತವೆ. ಹಿಂದಿನ ಚಾಕುಗಳೆಲ್ಲ ಹಾಗೇ ಬಿಚ್ಚಿಕೊಂಡು ಮೂಲೆಯಲ್ಲಿ ಬಿದ್ದಿದ್ದವು.

"ಅತ್ತೆ, ಈ ಡಬ್ಬದಲ್ಲಿ ಬಿಳೀ ಪುಡಿ ಇತ್ತಲ್ಲ?"

"ಅದಾ ಅಳಿಯಂದ್ರೆ? ಇರುವೆಗೆ ಹಾಕಿದೆ. ಸಕ್ಕರೆ ಬೆರೆಸಿಟ್ರೆ ಒಂದೂ ಉಳಿಯಲ್ಲ."

"ಪೂರ್ತಿ ಹಾಕಿಬಿಟ್ರಾ?"

"ಇರುವೇನೂ ಪೂರ್ತಿ ಇದ್ದವಲ್ಲ."

ಅಂಗಡಿಗಳಿಗೆ ರಜೆ. ಗುಮಾಸ್ತ ಚಮಚ ಹಿಡಿದು ಕಪಾಟಿನ ಹಿಂದೆ, ಮಂಚದ ಕೆಳಗೆ, ಬಚ್ಚಲ ಮೂಲೆಯಲ್ಲಿ ಅಂಬೆಗಾಲಿಟ್ಟ. ಬಿಳಿಗಾರ, ಸಕ್ಕರೆ, ಸತ್ತ ಇರುವೆ ಮೂರೂ ಕೂಡಿ ಒಂದು ಹಿಡಿ ಸಿಕ್ಕಿತು. ಆರಿಸುತ್ತ ಕೂರಲು ವೇಳೆಯಿರಲಿಲ್ಲ.

ಹೆಂಡತಿಯ ಹಳೇ ಹೇರ್ ಡ್ರೈಯರು ಕುಲುಮೆಗೆ ಗಾಳಿ ಊದಿತು. ಪುಡಿ ಉದುರಿಸಿದ್ದೇ ತಡ, ಬೀದಿ ತುಂಬ ಸಕ್ಕರೆ ಸೀದ ವಾಸನೆ. ಉಕ್ಕು ಬೆಳ್ಳಗೆ ಕಾದು ಇನ್ನೇನು ಸುತ್ತಿಗೆ ಎತ್ತಬೇಕು, ಕಾಂಪೌಂಡಿನ ಮೇಲೆ ಪಕ್ಕದ ಮನೆಯ ರಿಟೈರ್ಡ್ ಹೆಡ್ಮಾಸ್ಟರ ತಲೆ ಮೂಡಿತು.

"ಏನ್ರೀ, ಮನೇಲಿ ಸಿಹಿ ಮಾಡ್ತಿದ್ದೀರಾ?"

"ಚಾಕು ಮಾಡ್ತಿದ್ದೀನಿ ಮೇಷ್ಟ್ರೇ."

"ಚಾಕಿಗೆ ಸಕ್ಕರೆ ಯಾಕೆ?"

"ಸಕ್ಕರೆ ಇರುವೆಗೆ."

"ಚಾಕಿಗೆ ಇರುವೆ ಯಾಕ್ರೀ?"

ಗುಮಾಸ್ತ ವಿವರಿಸುವಷ್ಟರಲ್ಲಿ ಬೆಳ್ಳಗಿದ್ದ ಉಕ್ಕು ಕೆಂಪಾಗಿ, ಕೆಂಪಗಿದ್ದದ್ದು ಕಪ್ಪಾಗಿ, ಮೊದಲಿಂದ ಕಾಯಿಸಬೇಕಾಯಿತು. ಮತ್ತೆ ಕಾಯಿತು. ಮೇಷ್ಟ್ರು ಮತ್ತೆ ಬಾಯಿ ತೆರೆದರು. ಈ ಸಲ ಗುಮಾಸ್ತ ಕಿವುಡನಂತೆ ಬಡಿದ. ಕಿಡಿ ಹಾರಿದವು, ಮೇಷ್ಟ್ರ ತಲೆ ಕಾಂಪೌಂಡಿನಾಚೆ ಮುಳುಗಿತು. ಇರುವೆಗಳ ಪುಣ್ಯವೋ ಏನೋ, ಪಟ್ಟಿಗಳು ಅಂಟಿಕೊಂಡವು. ಮಡಚಿದ, ಬಡಿದ, ತಿರುಚಿದ. ಒಂದು ಬಿರುಕೂ ಇಲ್ಲ. ಚಾಕಿನ ರೂಪ ಕೊಟ್ಟು, ಕಾದದ್ದನ್ನು ಎಣ್ಣೆಯಲ್ಲಿ ಮುಳುಗಿಸಿ, ಅಡುಗೆಮನೆಯ ಓವನ್ನಿನಲ್ಲಿಟ್ಟು ಹದ ತಂದು, ತಿಕ್ಕಿ ಹೊಳಪು ಮಾಡಿ, ಕೊನೆಗೆ ಆಸಿಡ್ಡಿನಲ್ಲಿ ಅದ್ದಿದ. ಒಂದು ಜಾತಿಯ ಉಕ್ಕು ಕಪ್ಪಾಯಿತು, ಇನ್ನೊಂದು ಬೆಳ್ಳಗೇ ಉಳಿಯಿತು. ಅಲಗಿನ ಉದ್ದಕ್ಕೂ ಕೊಳದ ನೀರಿಗೆ ಗಾಳಿ ಬೀಸಿದಂಥ ಅಲೆಗಳು.

ಗುಮಾಸ್ತನ ಕಣ್ಣು ಒದ್ದೆಯಾಯಿತು. ಚಾಕನ್ನು ತೊಳೆದು ಅಡುಗೆಮನೆಯ ಕಿಟಕಿಯಲ್ಲಿಟ್ಟು ಸ್ನಾನಕ್ಕೆ ಹೋದ. ಆ ದಿನದ ತಪ್ಪು ಅದೊಂದೇ.

ಬರುವಷ್ಟರಲ್ಲಿ ಚಾಕು ಫಳಫಳ ಹೊಳೆಯುತ್ತಿತ್ತು. ಒಂದು ಅಲೆಯೂ ಇರಲಿಲ್ಲ.

"ಅದೇನು ಕಲೆ ಹಿಡಿಸಿದ್ರಿ ಅಳಿಯಂದ್ರೆ," ಅತ್ತೆ ತಂತಿ ಬ್ರಷ್ಷು ಕೊಡವಿದರು. "ಉಜ್ಜೀ ಉಜ್ಜೀ ನನ್ನ ರಟ್ಟೆ ಬಿದ್ದುಹೋಯ್ತು."

ಮತ್ತೆ ಅದ್ದಿದರೆ ಅಲೆ ಮತ್ತೆ ಬರುತ್ತದೆ, ಅದು ಉಕ್ಕಿನ ಮೈಯೊಳಗೇ ಇದೆ. ಗುಮಾಸ್ತ ಶೆಡ್ಡಿಗೆ ಓಡಿದ. ಬಾಟಲಿ ಇರಲಿಲ್ಲ.

"ಆ ಆಸಿಡ್ಡಾ? ಸಿಂಕು ಕಟ್ಟಿಕೊಂಡಿತ್ತು, ಸುರಿದೆ. ನೀರು ಎಷ್ಟು ಸಲೀಸಾಗಿ ಹೋಗ್ತಿದೆ ನೋಡಿ."

ಸಾಯಂಕಾಲ ಊಟದ ಮೇಜಿನ ಸುತ್ತ ಎಲ್ಲ ಸೇರಿದರು. ಯಾರೂ ಕರೆಯದಿದ್ದರೂ ಮೇಷ್ಟ್ರು ತೀರ್ಪುಗಾರರಾಗಿ ಬಂದಿದ್ದರು. ಹೆಂಡತಿ ಚಾಕನ್ನು ತಿರುಗಿಸಿ ನೋಡಿದಳು.

"ಅಲೆ ಎಲ್ಲಿ?"

"ಇತ್ತು," ಎಂದ ಗುಮಾಸ್ತ.

"ಇತ್ತು ಅಂದ್ರೆ? ಇದು ಅಂಗಡಿ ಚಾಕಿನ ಹಾಗೇ ಇದೆ." ಅವಳು ನಿಂಬೆಹಣ್ಣುಗಳನ್ನು ಕಚಕಚನೆ ಹೆಚ್ಚಿದಳು. "ಹರಿತ ಏನೋ ಇದೆ." ಎಲ್ಲರಿಗೂ ಶರಬತ್ತು ಮಾಡಿ ಕೊಟ್ಟು, ರಸ ತುಂಬಿದ ತಟ್ಟೆಯಲ್ಲೇ ಚಾಕು ಬಿಟ್ಟಳು.

ಅಷ್ಟರಲ್ಲಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಉಕ್ಕಿನ ಚರಿತ್ರೆ ಶುರುಮಾಡಿದರು. ಶಿಲಾಯುಗದಿಂದ ಹೊರಟರು. ಕಂಚಿನ ಕಾಲಕ್ಕೆ ಬರುವಾಗ ಅತ್ತೆ ಕೂತಲ್ಲೇ ತೂಕಡಿಸಿದರು. ಕಬ್ಬಿಣ ಮುಟ್ಟುವ ಹೊತ್ತಿಗೆ ಹೆಂಡತಿ ತಡೆಯಲಾರದೆ ತಟ್ಟೆ ಎತ್ತಲು ಎದ್ದಳು, ಹಾಗೇ ನಿಂತಳು.

"ರೀ, ಇಲ್ನೋಡಿ."

ಚಾಕಿನ ಮೈಮೇಲೆ ಅಲೆಗಳು ಮೆಲ್ಲಗೆ ಏಳುತ್ತಿದ್ದವು. ನಿಂಬೆರಸ ಆಸಿಡ್ಡಿನ ಕೆಲಸ ಮಾಡಿತ್ತು. ಮೇಷ್ಟ್ರ ಭಾಷಣ ಜೀವಮಾನದಲ್ಲಿ ಮೊದಲ ಸಲ ಒಬ್ಬರ ಉಪಯೋಗಕ್ಕೆ ಬಂದಿತ್ತು.

"ಎಷ್ಟು ಚೆನ್ನಾಗಿದೆ," ಎಂದಳು ಹೆಂಡತಿ. ಮದುವೆಯಾದಾಗಿನಿಂದ ಆ ದನಿಯನ್ನು ಗುಮಾಸ್ತ ಕೇಳಿರಲಿಲ್ಲ. "ಗೆದ್ದುಬಿಟ್ರಿ. ಹೇಳಿದ್ದು ಮಾಡಿ ತೋರಿಸಿದ್ರಿ."

"ಹಂಗಾದ್ರೆ ಶೆಡ್ಡು?" ಗುಮಾಸ್ತ ಎದೆಯುಬ್ಬಿಸಿದ.

"ನಾಳೆ ಖಾಲಿ ಮಾಡಿ."

"ಏನು?"

"ಚಾಕು ಆಯ್ತಲ್ಲ. ಮನೆಗೆ ಎಷ್ಟು ಚಾಕು ಬೇಕು? ಆಗದೇ ಹೋಗಿದ್ರೆ ಬೇರೆ ಮಾತು. ಪಾಪ, ಇನ್ನೊಂದು ವರ್ಷ ಬಡೀಲಿ ಬಿಡು ಅಂತ ಅಮ್ಮ ಮಧ್ಯಾಹ್ನದಿಂದ ನನ್ನ ಹತ್ರ ಗೋಗರೆದಿದ್ಲು. ನಾನೂ ಹೂಂ ಅಂದಿದ್ದೆ."

ಗುಮಾಸ್ತ ಮೇಷ್ಟ್ರ ಕಡೆ ನೋಡಿದ. ತೀರ್ಪುಗಾರರು ನಿಂಬೆ ಶರಬತ್ತು ಹೀರುತ್ತಿದ್ದರು.

ಅಷ್ಟರಲ್ಲಿ ಎಚ್ಚರಗೊಂಡ ಅತ್ತೆ ಒಳಗೆ ಹೋಗಿ, ಮಂಚದ ಕೆಳಗಿನಿಂದ ಹೊಲಿಗೆ ಮಷೀನಿನ ಪೆಟ್ಟಿಗೆಯನ್ನು ದರದರನೆ ಎಳೆದು ತಂದರು. ಅದಕ್ಕೆ ಸೆಣಬಿನ ದಪ್ಪ ಹಗ್ಗ ಬಿಗಿದಿತ್ತು.

"ಸ್ವಲ್ಪ ಆ ಚಾಕು ಕೊಡಿ ಅಳಿಯಂದ್ರೆ."

ಹಗ್ಗ ಒಂದೇ ಎಳೆತಕ್ಕೆ ಬೆಣ್ಣೆಯ ಹಾಗೆ ಕತ್ತರಿಸಿಹೋಯಿತು.

"ನೋಡಿದ್ರಾ," ಅತ್ತೆ ಮೆಚ್ಚಿ ತಲೆದೂಗಿದರು, "ಇಂಥದ್ದು ಅಂಗಡೀಲಿ ಎಲ್ಲಿ ಸಿಗಬೇಕು."